ಈ ಫೋಟೋ ತೆಗೆದೋರು ಯಾರು?

ನಮ್ಮ ಅಪಾರ್ಟ್‌ಮೆಂಟಿನಲ್ಲಿ ತಿಂಗಳಿಗೊಂದು ಭಾನುವಾರ ಯಾರಾದರೂ ಒಬ್ಬರು ಮಕ್ಕಳನ್ನು ಕೂರಿಸಿಕೊಂಡು ತಮಗೆ ಗೊತ್ತಿರೋದನ್ನ ಹೇಳಿಕೊಡಬೇಕು. ಒಬ್ಬರು ಚೆಸ್ ಹೇಳಿಕೊಟ್ಟರು, ಇನ್ನೊಬ್ಬರು ಕಾಗದದ ಕೊಕ್ಕರೆ ಮಾಡಿಸಿದರು. ಮೊನ್ನೆ ನನ್ನ ಸರದಿ. ವಾರವಿಡೀ ಬೇರೆಯವರ ಕೋಡ್‌ನಲ್ಲಿ ತಪ್ಪು ಹುಡುಕೋದು ನನ್ನ ಹೊಟ್ಟೆಪಾಡು. ಅದು ಬಿಟ್ಟರೆ ನನಗಿರೋದು ಆಕಾಶದ ಹುಚ್ಚು ಒಂದೇ. ಹಾಗಾಗಿ 'ಗುರುಗ್ರಹದ ಚಂದ್ರರು' ಅಂತ ಹತ್ತು ಸ್ಲೈಡ್ ಮಾಡಿಕೊಂಡು ಹೋದೆ. ಶನಿವಾರ ರಾತ್ರಿ ಹನ್ನೊಂದೂವರೆಗೆ ಕೂತು ಮಾಡಿದ್ದು, ಅದನ್ನೂ ಹೇಳಿಬಿಡ್ತೀನಿ.

ಯುರೋಪಾ ಅನ್ನೋ ಚಂದ್ರನ ಸ್ಲೈಡ್ ಬಂದಾಗ ಮಕ್ಕಳೆಲ್ಲ 'ವಾವ್' ಅಂದರು. ನೀಲಿ ಮಂಜುಗಡ್ಡೆಯ ಬಯಲು, ನಡುವೆ ಆಕಾಶಕ್ಕೆ ಚಿಮ್ಮುತ್ತಿರುವ ನೀರಿನ ಕಾರಂಜಿ, ಹಿಂದೆ ಅರ್ಧ ಆಕಾಶ ತುಂಬಿಕೊಂಡ ಗುರು. ನನಗೂ ಖುಷಿ ಆಯ್ತು. ಆಗ ಮೂರನೇ ಮಹಡಿಯ ಹುಡುಗಿ ಕೈ ಎತ್ತಿದಳು. ಎಂಟನೇ ಕ್ಲಾಸು.

"ಆಂಟಿ, ಈ ಫೋಟೋ ತೆಗೆದೋರು ಯಾರು? ಕ್ಯಾಮೆರಾನ ನೆಲದ ಮೇಲೆ ಇಟ್ಟಿದ್ರಾ?"

(ಮೂವತ್ತೆರಡಕ್ಕೇ ಆಂಟಿ. ಇರಲಿ.)

ಯುರೋಪಾದ ನೆಲದ ಮೇಲೆ ಇವತ್ತಿನವರೆಗೂ ಯಾವ ನೌಕೆಯೂ ಇಳಿದಿಲ್ಲ. ಅಲ್ಲಿ ಕಾರಂಜಿ ಚಿಮ್ಮುತ್ತಿರುವ ಫೋಟೋ ಯಾರ ಹತ್ತಿರವೂ ಇಲ್ಲ. ಹಬಲ್ ದೂರದರ್ಶಕದಲ್ಲಿ ಅಂಥದ್ದೇನೋ ಇರಬಹುದು ಅನ್ನುವ ಸುಳಿವು ಸಿಕ್ಕಿತ್ತು, ಅದರ ಬಗ್ಗೆ ವಾದ ಇನ್ನೂ ಮುಗಿದಿಲ್ಲ. ನಾನು ತೋರಿಸಿದ್ದು ಯಾರೋ ಕಲಾವಿದರು ಬಿಡಿಸಿದ ಚಿತ್ರ. ಅದು ನನಗೆ ಗೊತ್ತಿತ್ತು ಅಂತ ಹೇಳಿದರೆ ಅರ್ಧ ಸುಳ್ಳು, ಗೊತ್ತಿರಲಿಲ್ಲ ಅಂದರೂ ಅರ್ಧ ಸುಳ್ಳು. ಸರ್ಚ್ ಮಾಡಿದಾಗ ಮೊದಲು ಬಂತು, ಚೆನ್ನಾಗಿತ್ತು, ಹಾಕಿಬಿಟ್ಟೆ. ಕಂಡವರ ತಪ್ಪು ಹುಡುಕಿ ಸಂಬಳ ತಗೊಳ್ಳೋಳು ಹದಿಮೂರು ವರ್ಷದ ಹುಡುಗಿ ಕೈಲಿ ಸಿಕ್ಕಿಬಿದ್ದೆ. "ಇದು ಫೋಟೋ ಅಲ್ಲಮ್ಮ, ಪೇಂಟಿಂಗು" ಅಂದೆ. "ಹಾಗಾದ್ರೆ ನಿಜವಾದ ಫೋಟೋ ಹೇಗಿದೆ?" ಅಂದಳು. ಆ ಹತ್ತು ಸ್ಲೈಡಿನಲ್ಲಿ ಅದು ಇರಲಿಲ್ಲ.

ಮನೆಗೆ ಬಂದು ನಿಜವಾದ್ದನ್ನು ಹುಡುಕಿ ತೆಗೆದೆ. ಅಮ್ಮ ಕಾಫಿಗೆ ಹಾಲು ಬಿಸಿಗಿಟ್ಟಿದ್ದರು. ಫೋನ್ ಹಿಡಿದು "ಇದೇನು ಹೇಳು ನೋಡೋಣ" ಅಂದೆ. ಕನ್ನಡಕ ಹಣೆ ಮೇಲಿಂದ ಕೆಳಗಿಳಿಸಿ ಒಂದು ನಿಮಿಷ ನೋಡಿದರು. "ಹಾಲಿನ ಕೆನೆ ಒಡೆದು ತೇಲಿದ ಹಾಗಿದೆಯಲ್ಲೇ" ಅಂದರು.

ಆ ಚಿತ್ರ ಯುರೋಪಾದ ಕೊನಮಾರಾ ಅನ್ನೋ ಜಾಗದ್ದು. ಐರ್ಲೆಂಡಿನ ಪಶ್ಚಿಮಕ್ಕಿರುವ ಒಂದು ಒರಟು ಸೀಮೆಯ ಹೆಸರನ್ನೇ ಇದಕ್ಕೂ ಇಟ್ಟಿದ್ದಾರೆ. ಅಮ್ಮ ಹೇಳಿದ್ದಕ್ಕೂ, 1998ರ ಸುಮಾರಿಗೆ ವಿಜ್ಞಾನಿಗಳು ಆ ಚಿತ್ರ ನೋಡಿ ಬರೆದಿದ್ದಕ್ಕೂ ಬಹಳ ವ್ಯತ್ಯಾಸ ಇಲ್ಲ. ಮೇಲೆ ಗಟ್ಟಿ ಪದರ. ಅದು ಒಡೆದು ಹಲಗೆ ಹಲಗೆಯಾಗಿದೆ. ಹಲಗೆಗಳು ಜರುಗಿವೆ, ಕೆಲವು ತಿರುಗಿಕೊಂಡಿವೆ, ಕೆಲವು ಓರೆಯಾಗಿ ನಿಂತಿವೆ. ನಡುವಿನ ಸಂದಿಯಲ್ಲಿ ಉಂಡೆ ಉಂಡೆಯಾದ ಮಂಜಿನ ಮುದ್ದೆ. ಒಂದೊಂದು ಹಲಗೆಯೂ ಕೆಲವು ಕಿಲೋಮೀಟರ್ ಅಗಲ. ಜಯನಗರದ ನಾಲ್ಕೈದು ಬ್ಲಾಕು ಒಟ್ಟಿಗೆ ಕಿತ್ತುಕೊಂಡು ಆಚೆ ತೇಲಿಹೋದ ಹಾಗೆ ಅಂದುಕೊಳ್ಳಿ.

ಈಗ ಹುಡುಗಿಯ ಪ್ರಶ್ನೆ. ಇದನ್ನು ತೆಗೆದೋರು ಯಾರು?

ಮೊದಲು ಯುರೋಪಾದ ಪರಿಚಯ ಎರಡು ಮಾತಲ್ಲಿ. 1610ರ ಜನವರಿಯಲ್ಲಿ ಗೆಲಿಲಿಯೋ ತನ್ನ ದೂರದರ್ಶಕದಲ್ಲಿ ಕಂಡ ನಾಲ್ಕು ಚಂದ್ರರಲ್ಲಿ ಇದೂ ಒಂದು. ಅಡ್ಡಳತೆ ಸುಮಾರು 3,120 ಕಿ.ಮೀ., ನಮ್ಮ ಚಂದ್ರನಿಗಿಂತ ಚೂರು ಚಿಕ್ಕದು. ಗುರುವನ್ನು ಮೂರೂವರೆ ದಿನಕ್ಕೆ ಒಂದು ಸುತ್ತು ಹಾಕುತ್ತೆ. ಮೈಯೆಲ್ಲ ಮಂಜುಗಡ್ಡೆ, ಸಮಭಾಜಕದ ಹತ್ತಿರವೂ ಮೈನಸ್ 160 ಡಿಗ್ರಿ.

1979ರಲ್ಲಿ ಎರಡು ವಾಯೇಜರ್ ನೌಕೆಗಳು ಗುರುವನ್ನು ದಾಟಿ ಹೋದವು. ಯುರೋಪಾಕ್ಕೆ ಹೆಚ್ಚು ಹತ್ತಿರ ಬಂದದ್ದು ವಾಯೇಜರ್ 2, ಅದೂ ಎರಡು ಲಕ್ಷ ಕಿಲೋಮೀಟರಿಗಿಂತ ದೂರದಿಂದ. ಅಷ್ಟು ದೂರದಿಂದ ತೆಗೆದ ಚಿತ್ರದಲ್ಲಿ ಒಂದು ಚುಕ್ಕಿ ಅಂದರೆ ನೆಲದ ಮೇಲಿನ ಎರಡು ಕಿಲೋಮೀಟರ್. ಆದರೂ ಒಂದು ವಿಷಯ ಎದ್ದು ಕಂಡಿತು. ನಮ್ಮ ಚಂದ್ರನ ಮುಖದಂತೆ ಇದರಲ್ಲಿ ಕುಳಿಗಳೇ ಇಲ್ಲ ಅನ್ನುವಷ್ಟು ಕಡಿಮೆ. ಬಿಳಿ ಚೆಂಡಿನ ಮೇಲೆ ಯಾರೋ ಕಂದು ಪೆನ್ನಿನಿಂದ ಗೀಚಿದ ಹಾಗೆ ಸಾವಿರಾರು ಕಿಲೋಮೀಟರ್ ಉದ್ದದ ಗೆರೆಗಳು ಮಾತ್ರ.

ಕುಳಿ ಇಲ್ಲ ಅನ್ನೋದು ಸಣ್ಣ ಮಾತಲ್ಲ. ಆಕಾಶದಿಂದ ಕಲ್ಲು ಎಲ್ಲರ ಮೇಲೂ ಬೀಳುತ್ತೆ. ಗುರುತು ಉಳಿದಿಲ್ಲ ಅಂದರೆ ಯಾರೋ ಆಗಾಗ ನೆಲ ಸಾರಿಸುತ್ತಿದ್ದಾರೆ ಅಂತ ಅರ್ಥ. ಈಗಿನ ಲೆಕ್ಕದ ಪ್ರಕಾರ ಯುರೋಪಾದ ಮೇಲ್ಮೈಯ ವಯಸ್ಸು ಹೆಚ್ಚು ಕಮ್ಮಿ 4ರಿಂದ 9 ಕೋಟಿ ವರ್ಷ. ಅದರ ಹುಟ್ಟು 450 ಕೋಟಿ ವರ್ಷದ ಹಿಂದಿನದು. ಅಜ್ಜಿಯ ಮುಖದಲ್ಲಿ ಒಂದೂ ಸುಕ್ಕಿಲ್ಲ ಅಂದರೆ ಅನುಮಾನ ಬರಲ್ವಾ, ಹಾಗೆ.

ಹತ್ತಿರ ಹೋಗಿ ನೋಡಲೇಬೇಕಿತ್ತು. ಹೋಗಿದ್ದು ಗೆಲಿಲಿಯೋ ನೌಕೆ. ಹೆಸರು ಕಂಡುಹಿಡಿದವನದ್ದೇ. ಈ ನೌಕೆಯ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಕೊನಮಾರಾದ ಫೋಟೋಗೆ ಇಷ್ಟು ಬೆಲೆ ಯಾಕೆ ಅನ್ನೋದು ಇದರಲ್ಲೇ ಇದೆ.

1989ರ ಅಕ್ಟೋಬರ್ 18ರಂದು ಅಟ್ಲಾಂಟಿಸ್ ಸ್ಪೇಸ್ ಶಟಲ್ ಇದನ್ನು ಮೇಲಕ್ಕೆ ಒಯ್ದಿತು. ಅದಕ್ಕೂ ಮುಂಚೆಯೇ ಹೋಗಬೇಕಿತ್ತು. 1986ರಲ್ಲಿ ಚಾಲೆಂಜರ್ ದುರಂತ ಆಗಿ ಎಲ್ಲ ನಿಂತುಹೋಯ್ತು. ನೌಕೆ ವರ್ಷಗಟ್ಟಲೆ ಕಾದು ಕೂತಿತು. ಕ್ಯಾಲಿಫೋರ್ನಿಯಾದಿಂದ ಫ್ಲೋರಿಡಾಕ್ಕೆ, ಅಲ್ಲಿಂದ ವಾಪಸ್, ಮತ್ತೆ ಫ್ಲೋರಿಡಾಕ್ಕೆ, ಲಾರಿಯಲ್ಲೇ ಓಡಾಡಿತು.

ಅದರ ಮುಖ್ಯ ಆಂಟೆನಾ 4.8 ಮೀಟರ್ ಅಗಲದ ಛತ್ರಿ. ನಿಜಕ್ಕೂ ಛತ್ರಿಯೇ. 18 ಕಡ್ಡಿ, ನಡುವೆ ಚಿನ್ನದ ಲೇಪದ ಜಾಲರಿ. ಮಡಚಿಟ್ಟು ಕಳಿಸಿದ್ದರು. 1991ರ ಏಪ್ರಿಲ್‌ನಲ್ಲಿ ಬಿಚ್ಚಿಕೋ ಅಂತ ಆಜ್ಞೆ ಹೋಯಿತು. ಬಿಚ್ಚಲಿಲ್ಲ. ಕೆಲವು ಕಡ್ಡಿ ಸಿಕ್ಕಿಹಾಕಿಕೊಂಡು ಛತ್ರಿ ಓರೆಯಾಗಿ ಅರ್ಧಕ್ಕೇ ನಿಂತಿತು. ಲಾರಿ ಪ್ರಯಾಣದ ಕುಲುಕಾಟದಲ್ಲಿ ಕಡ್ಡಿಗಳ ಗೂಟಕ್ಕೆ ಹಚ್ಚಿದ್ದ ಜಾರುವ ಲೇಪ ಸವೆದು ಹೋಗಿತ್ತು ಅನ್ನೋದು ಆಮೇಲೆ ಎಂಜಿನಿಯರುಗಳು ಮುಟ್ಟಿದ ತೀರ್ಮಾನ. ನೌಕೆಯನ್ನು ಬಿಸಿಲಿಗೆ ತಿರುಗಿಸಿ ಕಾಯಿಸಿದರು, ನೆರಳಿಗೆ ತಿರುಗಿಸಿ ತಣಿಸಿದರು, ಬಿಚ್ಚುವ ಮೋಟಾರನ್ನು ಹದಿಮೂರು ಸಾವಿರಕ್ಕೂ ಹೆಚ್ಚು ಸಲ ಆನ್-ಆಫ್ ಮಾಡಿ ಕುಟ್ಟಿದರು. ಮಿಕ್ಸಿ ನಿಂತರೆ ನಾವು ತಟ್ಟಲ್ವಾ, ಅದೇ ವಿದ್ಯೆ. ಏನೂ ಆಗಲಿಲ್ಲ.

ಆ ಛತ್ರಿ ಬಿಚ್ಚಿದ್ದರೆ ಸೆಕೆಂಡಿಗೆ 1,34,000 ಬಿಟ್ ಮಾಹಿತಿ ಬರುತ್ತಿತ್ತು. ಉಳಿದದ್ದು ಒಂದು ಸಣ್ಣ ಆಂಟೆನಾ. ಗುರುವಿನ ದೂರದಿಂದ ಅದು ಕೊಡೋದು ಸೆಕೆಂಡಿಗೆ ಹತ್ತಿಪ್ಪತ್ತು ಬಿಟ್.

ನೌಕೆಯ ಕ್ಯಾಮೆರಾದ ಒಂದು ಚಿತ್ರ 800 ಪಿಕ್ಸೆಲ್ ಉದ್ದ, 800 ಪಿಕ್ಸೆಲ್ ಅಗಲ. ಕಪ್ಪು-ಬಿಳುಪು. ಅಂದರೆ 51 ಲಕ್ಷ ಬಿಟ್. ಛತ್ರಿ ಇದ್ದಿದ್ದರೆ 40 ಸೆಕೆಂಡಿನೊಳಗೆ ಒಂದು ಚಿತ್ರ. ಸೆಕೆಂಡಿಗೆ 10 ಬಿಟ್ ಅಂದರೆ? ಕ್ಯಾಲ್ಕುಲೇಟರ್ ತೆಗೆಯಬೇಡಿ, ನಾನೇ ಹಾಕಿದ್ದೀನಿ. ಸುಮಾರು ಆರು ದಿನ. ಒಂದು ಫೋಟೋಗೆ.

ಯೋಜನೆ ಅಲ್ಲಿಗೇ ಮುಗಿಯಬಹುದಿತ್ತು. ಮುಗಿಸಲಿಲ್ಲ. ಈ ಭಾಗ ನನ್ನಂಥ ಸಾಫ್ಟ್‌ವೇರ್ ಜನಕ್ಕೆ ಮೈ ಜುಮ್ಮೆನಿಸುವಂಥದ್ದು. ನೌಕೆ ಹಾರಿ ವರ್ಷಗಳಾದ ಮೇಲೆ, ಕೋಟ್ಯಂತರ ಕಿಲೋಮೀಟರ್ ಆಚೆ ಇರುವಾಗ, ಅದರ ಕಂಪ್ಯೂಟರಿಗೆ ಪೂರಾ ಹೊಸ ಸಾಫ್ಟ್‌ವೇರ್ ಬರೆದು ಕಳಿಸಿದರು. ಚಿತ್ರಗಳನ್ನು ಅಲ್ಲೇ ಹಿಂಡಿ ಚಿಕ್ಕದು ಮಾಡುವ ತಂತ್ರ ಅದರಲ್ಲಿತ್ತು. ನಾವು ವಾಟ್ಸಾಪ್‌ನಲ್ಲಿ ಫೋಟೋ ಕಳಿಸುವಾಗ ಆಗುತ್ತಲ್ಲ, ಹೆಚ್ಚು ಕಮ್ಮಿ ಅದೇ. ಈ ಕಡೆ ಭೂಮಿಯಲ್ಲಿ ಕ್ಯಾಲಿಫೋರ್ನಿಯಾದ ಗೋಲ್ಡ್‌ಸ್ಟೋನ್, ಆಸ್ಟ್ರೇಲಿಯಾದ ಕ್ಯಾನ್‌ಬೆರಾ ಮತ್ತು ಪಾರ್ಕ್ಸ್‌ನ ದೈತ್ಯ ಆಂಟೆನಾಗಳನ್ನು ಒಂದಕ್ಕೊಂದು ಜೋಡಿಸಿ ಒಂದೇ ಕಿವಿಯ ಹಾಗೆ ಕೇಳಿಸಿಕೊಂಡರು. ಇಷ್ಟೆಲ್ಲ ಮಾಡಿ ವೇಗ ಸೆಕೆಂಡಿಗೆ 160 ಬಿಟ್ ತನಕ ಏರಿತು. ನಾನು ಸೋಮವಾರ ಒಂದು ಬಟನ್ನಿನ ಬಣ್ಣ ಬದಲಿಸಿದ ರಿಲೀಸ್‌ಗೆ ನಾಲ್ಕು ಜನರ ಅಪ್ರೂವಲ್ ಕಾಯುತ್ತಾ ಕೂತಿದ್ದೆ. ಇವರು ಮಾಡಿದ ರಿಲೀಸ್‌ಗೆ ಕೈಕೊಟ್ಟರೆ ರಿಪೇರಿಗೆ ಹೋಗೋರೂ ಇರಲಿಲ್ಲ.

ನಿಮ್ಮ ಫೋನಿನ ಒಂದು ಫೋಟೋ 4 ಎಂಬಿ ಇದೆ ಅಂತಿಟ್ಟುಕೊಳ್ಳಿ. ಗೆಲಿಲಿಯೋದ ಆ ಸುಧಾರಿಸಿದ ವೇಗದಲ್ಲೂ ಅದು ಬರೋಕೆ ಎರಡು ದಿನಕ್ಕಿಂತ ಹೆಚ್ಚು ಬೇಕು. ಮಸಾಲೆ ದೋಸೆಯ ಫೋಟೋ ತಲುಪೋ ಹೊತ್ತಿಗೆ ಚಟ್ನಿ ಹಳಸಿರುತ್ತೆ.

ಕಷ್ಟ ಅಲ್ಲಿಗೂ ಮುಗಿಯಲಿಲ್ಲ. ಇಷ್ಟು ಸಣ್ಣ ಕೊಳವೆ ಇದ್ದಾಗ ಎಲ್ಲವನ್ನೂ ಮೊದಲು ಟೇಪ್ ರೆಕಾರ್ಡರಿನಲ್ಲಿ ತುಂಬಿಕೊಂಡು ಆಮೇಲೆ ನಿಧಾನಕ್ಕೆ ಕಳಿಸಬೇಕು. 1995ರ ಅಕ್ಟೋಬರ್‌ನಲ್ಲಿ, ಗುರುವನ್ನು ತಲುಪೋಕೆ ಎರಡು ತಿಂಗಳೂ ಇಲ್ಲದಾಗ, ಆ ಟೇಪು ರಿವೈಂಡ್ ಆಗುವಾಗ ಸಿಕ್ಕಿಕೊಂಡಿತು. ಹಳೇ ಕ್ಯಾಸೆಟ್ ಕಾಲದವರಿಗೆ ಈ ಸಂಕಟ ಗೊತ್ತು. ಪೆನ್ಸಿಲ್ ಹಾಕಿ ತಿರುಗಿಸೋಕೆ ಅಲ್ಲಿ ಯಾರಿದ್ದಾರೆ? ದುರ್ಬಲವಾದ ಭಾಗದ ಮೇಲೆ ಇನ್ನಷ್ಟು ಸುತ್ತು ಟೇಪು ಸುತ್ತಿಸಿ ಆ ಭಾಗವನ್ನು ಮುಟ್ಟದೇ ಬಿಟ್ಟರು. ಮೊದಲ ದಿನ, ಅಂದರೆ 1995ರ ಡಿಸೆಂಬರ್ 7ರಂದು ಯುರೋಪಾದ ಚಿತ್ರ ತೆಗೆಯುವ ಯೋಜನೆಯನ್ನು ಕೈಬಿಟ್ಟರು.

ಅಂತೂ 1996ರ ಡಿಸೆಂಬರ್ 19ಕ್ಕೆ ಗೆಲಿಲಿಯೋ ಯುರೋಪಾದಿಂದ ಏಳುನೂರು ಕಿಲೋಮೀಟರಿಗಿಂತ ಹತ್ತಿರ ಹಾಯ್ದು ಹೋಯಿತು. 1997ರ ಫೆಬ್ರವರಿ 20ಕ್ಕೆ ಇನ್ನೊಮ್ಮೆ, 586 ಕಿ.ಮೀ. ಎತ್ತರದಲ್ಲಿ. ಕೊನಮಾರಾದ ಆ ಕೆನೆ ಒಡೆದ ಚಿತ್ರ ಆ ದಿನದ್ದು. ಒಂದು ಪಿಕ್ಸೆಲ್ಲಿಗೆ 54 ಮೀಟರ್. ಅದೇ ವರ್ಷದ ಕೊನೆಯಲ್ಲಿ ಇನ್ನೊಂದು ಕಡೆ ಪಿಕ್ಸೆಲ್ಲಿಗೆ 6 ಮೀಟರ್‌ನ ಚಿತ್ರವೂ ಬಂತು. ಯುರೋಪಾದ ನೆಲವನ್ನು ಮನುಷ್ಯ ಅದಕ್ಕಿಂತ ಹತ್ತಿರದಿಂದ ಇನ್ನೂ ನೋಡಿಲ್ಲ. ಅದೂ ಒಂದು ಚೂರು ಜಾಗ ಮಾತ್ರ. ಉಳಿದ ಬಹುಪಾಲು ನೆಲ ಇವತ್ತಿಗೂ ದೂರದಿಂದ ಕಂಡ ಮಸುಕು.

ಎಲ್ಲಿಗೆ ಕ್ಯಾಮೆರಾ ತಿರುಗಿಸಬೇಕು, ಎಷ್ಟು ಚಿತ್ರ, ಯಾವ ಚಿತ್ರವನ್ನು ಎಷ್ಟು ಹಿಂಡಬಹುದು, ಯಾವುದನ್ನು ಬಿಡಬೇಕು ಅಂತ ಪ್ರತಿಯೊಂದಕ್ಕೂ ಮೊದಲೇ ಕೂತು ತೀರ್ಮಾನ ಆಗಬೇಕಿತ್ತು. ನನ್ನ ಫೋನಿನಲ್ಲಿ ಹನ್ನೊಂದು ಸಾವಿರ ಫೋಟೋ ಇವೆ. ಅದರಲ್ಲಿ ಮುನ್ನೂರು ಮೀಟಿಂಗ್ ಸ್ಕ್ರೀನ್‌ಶಾಟು. ಒಂದನ್ನೂ ತಿರುಗಿ ನೋಡಿಲ್ಲ.

ಇವರು ನೋಡಿದರು. ನೋಡೋದು ಅಂದರೆ ಏನು ಅನ್ನೋದು ಆ ಚಿತ್ರಗಳ ಬಗ್ಗೆ ಓದುವಾಗ ನನಗೆ ಚೂರು ಅರ್ಥ ಆಯಿತು.

ಮೊದಲನೇ ಸಂಗತಿ ಬಿಸಿಲಿನ ಕೋನ. ಮನೆಗೆ ಪೇಂಟ್ ಮಾಡೋರು ಪುಟ್ಟಿ ಹಚ್ಚಿದ ಮೇಲೆ ಗೋಡೆಗೆ ಬಲ್ಬನ್ನು ಒರಗಿಸಿ ಹಿಡಿಯೋದು ನೋಡಿರ್ತೀರಿ. ಎದುರಿನಿಂದ ಬೆಳಕು ಬಿಟ್ಟರೆ ಗೋಡೆ ನುಣ್ಣಗೆ ಕಾಣುತ್ತೆ. ಪಕ್ಕದಿಂದ ಬಿಟ್ಟರೆ ಉಬ್ಬು ತಗ್ಗು ಎಲ್ಲ ನೆರಳು ಚಾಚಿ ಸಿಕ್ಕಿಬೀಳುತ್ತೆ. ಯುರೋಪಾದ ಫೋಟೋ ಕೂಡ ಹಾಗೇ. ಸೂರ್ಯ ನೆತ್ತಿಯ ಮೇಲಿದ್ದಾಗ ತೆಗೆದದ್ದರಲ್ಲಿ ಬಣ್ಣ, ಕಲೆ ಗೊತ್ತಾಗುತ್ತೆ, ಎತ್ತರ ಗೊತ್ತಾಗಲ್ಲ. ಬೆಳಗು ಅಥವಾ ಸಂಜೆಯ ಅಂಚಿನಲ್ಲಿ ತೆಗೆದದ್ದರಲ್ಲಿ ನೆರಳಿನ ಉದ್ದ ಅಳೆದು ದಿಬ್ಬದ ಎತ್ತರವನ್ನೇ ಲೆಕ್ಕ ಹಾಕಬಹುದು. ವಾಯೇಜರ್ ಕಂಡ ಕಂದು ಗೆರೆಗಳು ಹತ್ತಿರದಿಂದ ನೋಡಿದರೆ ಗೆರೆಗಳಲ್ಲ, ಜೋಡಿ ದಿಬ್ಬಗಳು ಅಂತ ಗೊತ್ತಾದದ್ದು ಹೀಗೆ. ರೈಲು ಹಳಿಯ ಹಾಗೆ ಎರಡು ಸಮಾನಾಂತರ ದಿಬ್ಬ, ನಡುವೆ ತೋಡು. ನೂರಾರು ಕಿಲೋಮೀಟರ್ ಹಾಗೇ ಸಾಗುತ್ತೆ.

ಎರಡನೇದು ಯಾವುದರ ಮೇಲೆ ಯಾವುದು ಅನ್ನೋದು. ಬೆಂಗಳೂರಿನಲ್ಲಿ ಇರೋರಿಗೆ ಇದನ್ನು ಕಲಿಸಬೇಕಿಲ್ಲ. ನಮ್ಮ ರಸ್ತೆಯನ್ನು ಮೊದಲು ನೀರಿನ ಪೈಪಿಗೆ ಅಗೆದು ಮುಚ್ಚಿದರು, ಆಮೇಲೆ ಕೇಬಲ್ಲಿಗೆ ಅಡ್ಡ ಅಗೆದರು, ಆಮೇಲೆ ಟಾರು ಹಾಕಿದರು, ಟಾರು ಹಾಕಿದ ವಾರಕ್ಕೆ ಮತ್ತೆ ಅಗೆದರು. ಯಾವ ತೇಪೆ ಯಾವುದನ್ನು ಕತ್ತರಿಸಿದೆ ಅಂತ ನೋಡಿದರೆ ರಸ್ತೆಯ ಇತಿಹಾಸ ಹೇಳಬಹುದು. ಯುರೋಪಾದ ಮೇಲೂ ಅದೇ ಕೆಲಸ. ಈ ದಿಬ್ಬ ಆ ದಿಬ್ಬವನ್ನು ಕತ್ತರಿಸಿದೆ, ಹಾಗಾಗಿ ಇದು ಕಿರಿದು. ಇವೆರಡನ್ನೂ ಕೊನಮಾರಾ ಒಡೆದು ಹಾಕಿದೆ, ಹಾಗಾಗಿ ಅದು ಇನ್ನೂ ಕಿರಿದು. ಒಡೆದ ಹಲಗೆಗಳ ಮೇಲೆ ಹಳೆಯ ದಿಬ್ಬಗಳ ತುಂಡುಗಳು ಹಾಗೇ ಇವೆ. ಅದಕ್ಕೇ ಹಲಗೆಗಳನ್ನು ಕತ್ತರಿಸಿ, ತಿರುಗಿಸಿ, ದಿಬ್ಬಕ್ಕೆ ದಿಬ್ಬ ಸೇರಿಸಿ ಒಡೆಯುವ ಮುಂಚೆ ನೆಲ ಹೇಗಿತ್ತು ಅಂತ ಜೋಡಿಸೋಕೆ ಬರುತ್ತೆ. ವಿಜ್ಞಾನಿಗಳು ನಿಜಕ್ಕೂ ಹಾಗೆ ಜೋಡಿಸಿದರು.

ನನಗೆ ಬಹಳ ಹಿಡಿಸಿದ್ದು ಕಮಾನು ಗೆರೆಗಳು. ಯುರೋಪಾದ ಮೇಲೆ ಕೆಲವು ಬಿರುಕುಗಳು ನೇರ ಇಲ್ಲ. ಹಬ್ಬಕ್ಕೆ ಬಾಗಿಲಿಗೆ ತೋರಣ ಇಳಿಬಿಟ್ಟ ಹಾಗೆ ಕಮಾನಿಗೆ ಕಮಾನು ಸೇರಿ ನೂರಾರು ಕಿಲೋಮೀಟರ್ ಹೋಗುತ್ತೆ. ಇಪ್ಪತ್ತು ವರ್ಷ ಯಾರಿಗೂ ಇದು ಯಾಕೆ ಅಂತ ಹೊಳೆದಿರಲಿಲ್ಲ. 1999ರಲ್ಲಿ ಅರಿಜೋನಾ ವಿಶ್ವವಿದ್ಯಾಲಯದ ಗ್ರೆಗರಿ ಹೊಪ್ಪಾ, ರಿಚರ್ಡ್ ಗ್ರೀನ್‌ಬರ್ಗ್ ಮತ್ತು ಜೊತೆಗಾರರು ಉತ್ತರ ಕೊಟ್ಟರು. ಗುರುವಿನ ಸೆಳೆತಕ್ಕೆ ಯುರೋಪಾದ ಮೈ ಉಬ್ಬಿ ಇಳಿಯುತ್ತೆ. ಒಂದು ಸುತ್ತಿನ 85 ಗಂಟೆಯಲ್ಲಿ ಈ ಎಳೆತದ ದಿಕ್ಕು ತಿರುಗುತ್ತಾ ಹೋಗುತ್ತೆ. ಬಿರುಕು ಮುಂದೆ ಸಾಗುತ್ತಾ ಎಳೆತದ ಜೊತೆಗೇ ಬಾಗುತ್ತೆ, ಎಳೆತ ಕಮ್ಮಿಯಾದಾಗ ನಿಲ್ಲುತ್ತೆ, ಮುಂದಿನ ಸುತ್ತಿನಲ್ಲಿ ಮತ್ತೆ ಹೊರಡುತ್ತೆ. ಒಂದು ಸುತ್ತಿಗೆ ಒಂದು ಕಮಾನು. ಬಿರುಕು ಸಾಗುವ ವೇಗ ಗಂಟೆಗೆ ಮೂರು ಕಿಲೋಮೀಟರ್ ಆಸುಪಾಸು. ಅಂದರೆ ನಾವು ಊಟ ಆದ ಮೇಲೆ ಅಡ್ಡಾಡುವ ವೇಗ. ನೀವು ಅಲ್ಲಿದ್ದರೆ ನೆಲ ಬಿರಿಯೋದರ ಪಕ್ಕದಲ್ಲೇ ಮಾತಾಡಿಕೊಂಡು ನಡೆದು ಹೋಗಬಹುದಿತ್ತು.

ಇಷ್ಟು ದೊಡ್ಡ ಬಿರುಕು ಬೀಳಬೇಕಾದರೆ ಮೈ ಹತ್ತಾರು ಮೀಟರ್ ಉಬ್ಬಿಳಿಯಬೇಕು. ಒಳಗೆಲ್ಲ ಗಟ್ಟಿಯಿದ್ದರೆ ಅಷ್ಟು ಉಬ್ಬಲ್ಲ. ಮಂಜಿನ ಕೆಳಗೆ ನೀರಿದ್ದರೆ ಉಬ್ಬುತ್ತೆ. ಫೋಟೋಗಳು ಹೀಗೆ ಒಂದೇ ಕಡೆ ಬೆರಳು ತೋರಿಸುತ್ತಿದ್ದವು. ಕಾಂತಕ್ಷೇತ್ರ ಅಳೆಯುವ ಉಪಕರಣವೂ ಅದೇ ಸಾಕ್ಷಿ ಹೇಳಿತು. ಮಾರ್ಗರೆಟ್ ಕೈವೆಲ್ಸನ್ ಅವರ ತಂಡಕ್ಕೆ 2000ದ ಜನವರಿ 3ರಂದು ಸಿಕ್ಕ ಅಳತೆ, ಯುರೋಪಾದ ಒಳಗೆ ವಿದ್ಯುತ್ ಹರಿಯುವಂಥ ಪದರ ಇದೆ ಅಂತ ತೋರಿಸಿತು. ಉಪ್ಪುನೀರಿಗೆ ಅದು ಹೊಂದುತ್ತೆ. ಭೂಮಿಯ ಎಲ್ಲ ಸಮುದ್ರ ಸೇರಿಸಿದರೂ ಅದರ ಎರಡರಷ್ಟು ನೀರು ಅಲ್ಲಿರಬಹುದು ಅನ್ನೋದು ಈಗಿನ ಅಂದಾಜು.

ಆದರೆ ಆ ಮಂಜಿನ ಹೊದಿಕೆ ಎಷ್ಟು ದಪ್ಪ? ಇಲ್ಲಿ ಜಗಳ ಶುರು. ಕೆಲವೇ ಕಿಲೋಮೀಟರ್ ಅಂತ ಗ್ರೀನ್‌ಬರ್ಗ್ ವಾದಿಸಿದರು. ನೀರು ಅಲ್ಲಲ್ಲಿ ಮೇಲಕ್ಕೇ ಬಂದು ಕೊನಮಾರಾದಂಥ ಜಾಗ ಕರಗಿಸುತ್ತೆ ಅಂದರು. ಇನ್ನೊಂದು ಪಂಗಡ ಇಲ್ಲ, ಬಹಳ ದಪ್ಪ, ಕೆಳಗಿನ ಬೆಚ್ಚನೆಯ ಮಂಜು ಉಂಡೆಯಾಗಿ ಮೇಲೇಳುವುದರಿಂದ ಹೀಗಾಗುತ್ತೆ ಅಂದಿತು. 2002ರಲ್ಲಿ ಪಾಲ್ ಶೆಂಕ್ ಅದೇ ಫೋಟೋಗಳಲ್ಲಿದ್ದ ಬೆರಳೆಣಿಕೆಯ ಕುಳಿಗಳ ಆಳ ಅಳೆದು, ಮಂಜು 19 ಕಿ.ಮೀ.ಗೆ ಕಡಿಮೆ ಇರಲಾರದು ಅಂದರು. ಇದು ಬರೀ ಸಂಖ್ಯೆಯ ತಕರಾರಲ್ಲ. ತೆಳುವಾಗಿದ್ದರೆ ಮೇಲಿನದು ಕೆಳಗೆ, ಕೆಳಗಿನದು ಮೇಲೆ ಸುಲಭವಾಗಿ ಹೋಗಿಬರುತ್ತೆ, ಅಲ್ಲಿ ಜೀವ ಇದ್ದರೆ ಅದಕ್ಕೆ ಊಟ ಸಿಗುತ್ತೆ, ನಮಗೂ ಅದರ ಗುರುತು ಸಿಗಬಹುದು. ದಪ್ಪ ಇದ್ದರೆ ಆ ಸಮುದ್ರ ಮುಚ್ಚಿದ ಡಬ್ಬಿ. ಎರಡೂ ಕಡೆಯವರು ನೋಡುತ್ತಿದ್ದದ್ದು ಮಾತ್ರ ಅದೇ ನಾಲ್ಕು ಚಿತ್ರ. ನನಗೇನೋ ದಪ್ಪ ಅನ್ನೋರ ಮಾತೇ ಸರಿ ಅನ್ನಿಸುತ್ತೆ. ತೆಳು ಅನ್ನೋದು ನಿಜವಾಗಲಿ ಅನ್ನೋ ಆಸೆ ಮಾತ್ರ ಬಿಟ್ಟಿಲ್ಲ.

ಜೋಡಿ ದಿಬ್ಬ ಹೇಗಾಗುತ್ತೆ ಅನ್ನೋದಕ್ಕೂ ಒಂದು ಸುಳಿವು ನಮ್ಮ ಭೂಮಿಯಲ್ಲೇ ಸಿಕ್ಕಿತು. 2022ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಗ್ರೀನ್‌ಲ್ಯಾಂಡಿನ ಮಂಜಿನ ಮೇಲೆ ಅಂಥದ್ದೇ ಪುಟ್ಟ ಜೋಡಿ ದಿಬ್ಬವನ್ನು ಗುರುತಿಸಿದರು. ಮಂಜಿನೊಳಗೆ ಸಿಕ್ಕಿಕೊಂಡ ನೀರು ಮತ್ತೆ ಹೆಪ್ಪುಗಟ್ಟುವಾಗ ಹಿಗ್ಗಿ ಮೇಲಿನದನ್ನು ಎರಡು ಕಡೆ ಎತ್ತಿತ್ತು. ಫ್ರೀಜರಿನಲ್ಲಿ ಮರೆತ ನೀರಿನ ಬಾಟಲಿ ಉಬ್ಬುತ್ತಲ್ಲ, ಅದೇ ಶಕ್ತಿ.

ಬಣ್ಣದ ವಿಷಯ ಬಿಟ್ಟೆ. ಅಮ್ಮನ ಎರಡನೇ ಪ್ರಶ್ನೆಯೇ ಅದು. "ಈ ಕೆಂಪು, ನೀಲಿ ಎಲ್ಲ ನಿಜವಾ?" ಅರ್ಧ ನಿಜ. ಕ್ಯಾಮೆರಾ ತೆಗೆಯೋದು ಕಪ್ಪು-ಬಿಳುಪು. ಮುಂದೆ ಬೇರೆ ಬೇರೆ ಬಣ್ಣದ ಫಿಲ್ಟರ್ ಇಟ್ಟು ತೆಗೆದದ್ದನ್ನು ಭೂಮಿಯಲ್ಲಿ ಸೇರಿಸುತ್ತಾರೆ. ನೀವು ಎಲ್ಲ ಕಡೆ ನೋಡುವ ಯುರೋಪಾದ ಪೂರ್ಣ ಚಿತ್ರದಲ್ಲಿ, 2014ರಲ್ಲಿ ನಾಸಾ ಹೊಸದಾಗಿ ಸಿದ್ಧಪಡಿಸಿದ್ದು, ಕೆಂಪಿನ ಜಾಗದಲ್ಲಿ ನಮ್ಮ ಕಣ್ಣಿಗೆ ಕಾಣದ ಅವಗೆಂಪು, ನೀಲಿಯ ಜಾಗದಲ್ಲಿ ನೇರಳೆ ಕೂತಿದೆ. ಕೊನಮಾರಾದ ಬಣ್ಣದ ಚಿತ್ರದಲ್ಲೋ ವ್ಯತ್ಯಾಸ ಎದ್ದು ಕಾಣಲಿ ಅಂತ ಬಣ್ಣವನ್ನು ಬೇಕಂತಲೇ ಏರಿಸಿದ್ದಾರೆ, ಅದೂ ದೂರದಿಂದ ತೆಗೆದ ಬಣ್ಣವನ್ನು ಹತ್ತಿರದಿಂದ ತೆಗೆದ ಕಪ್ಪು-ಬಿಳುಪಿನ ಮೇಲೆ ಹೊದಿಸಿ. ಕಣ್ಣಲ್ಲಿ ನೋಡಿದರೆ ಯುರೋಪಾ ಮಾಸಲು ಬಿಳಿ, ಅಲ್ಲಲ್ಲಿ ಚಹಾ ಚೆಲ್ಲಿದ ಕಂದು. ಆದರೆ ಏರಿಸಿದ ಬಣ್ಣ ಸುಳ್ಳಲ್ಲ. ಕೊನಮಾರಾದ ಬಿಳಿ-ನೀಲಿ ಭಾಗಕ್ಕೆ ಕಾರಣ ಸಾವಿರ ಕಿ.ಮೀ. ದಕ್ಷಿಣಕ್ಕಿರುವ ಪ್ವಿಲ್ ಎಂಬ ಕುಳಿ. ಅದು ಆದಾಗ ಎರಚಿದ ನುಣುಪು ಮಂಜಿನ ಧೂಳು ಇಲ್ಲಿಗೂ ಬಂದು ಕೂತಿದೆ. ಕಂದು ಭಾಗದಲ್ಲಿ ಕೆಳಗಿನಿಂದ ಬಂದಿರಬಹುದಾದ ಉಪ್ಪುಗಳು, ಗುರುವಿನ ಉಗ್ರ ವಿಕಿರಣಕ್ಕೆ ಸಿಕ್ಕಿ ಬಣ್ಣ ತಿರುಗಿದವು. ಏನನ್ನು ಏರಿಸಿದ್ದೇವೆ ಅಂತ ಚಿತ್ರದ ಕೆಳಗೇ ಬರೆದಿರುತ್ತಾರೆ. ನನ್ನ ಸ್ಲೈಡಿನ ಕೆಳಗೆ ಏನೂ ಇರಲಿಲ್ಲ, ನಾನೇ ಕತ್ತರಿಸಿ ಹಾಕಿದ್ದೆ, ಅಂದ ಕೆಡುತ್ತೆ ಅಂತ.

ಗೆಲಿಲಿಯೋದ ಕೊನೆ ಹೇಳಬೇಕು. 2003ರ ಹೊತ್ತಿಗೆ ಇಂಧನ ಮುಗಿಯುತ್ತಾ ಬಂದಿತ್ತು. ಸುಮ್ಮನೆ ಬಿಟ್ಟರೆ ಎಂದಾದರೂ ಯುರೋಪಾಕ್ಕೆ ಹೋಗಿ ಬೀಳಬಹುದು. ನೌಕೆಯ ಮೇಲೆ ಭೂಮಿಯ ಸೂಕ್ಷ್ಮಜೀವಿ ಏನಾದರೂ ಬದುಕಿದ್ದರೆ ಆ ಸಮುದ್ರ ಮೈಲಿಗೆ. ಅದಕ್ಕೆ 2003ರ ಸೆಪ್ಟೆಂಬರ್ 21ರಂದು ನೌಕೆಯನ್ನು ಗುರುವಿನೊಳಗೆ ಧುಮುಕಿಸಿ ಸುಟ್ಟುಬಿಟ್ಟರು. ಆ ಸಮುದ್ರ ಇದೆ ಅಂತ ಹೇಳಿದ್ದೇ ಆ ನೌಕೆ.

ಆಮೇಲೆ ಸುಮಾರು ಎರಡು ದಶಕ ಹತ್ತಿರದ ಹೊಸ ಚಿತ್ರ ಇಲ್ಲ. 2022ರ ಸೆಪ್ಟೆಂಬರ್ 29ರಂದು ಜೂನೋ ನೌಕೆ 352 ಕಿ.ಮೀ. ಎತ್ತರದಲ್ಲಿ ಸರ್ರನೆ ಹಾದುಹೋಯಿತು. ನಕ್ಷತ್ರ ನೋಡಿ ದಾರಿ ಹಿಡಿಯೋಕೆ ಇಟ್ಟ ಕ್ಯಾಮೆರಾದಲ್ಲಿ, ಗುರುವಿನಿಂದ ಪ್ರತಿಫಲಿಸಿದ ಮಂದ ಬೆಳಕಿನಲ್ಲೇ, ಯುರೋಪಾದ ರಾತ್ರಿ ಭಾಗದ ಒಂದು ಚಿತ್ರ ತೆಗೆಯಿತು. ಅದರಲ್ಲಿ ಕಂಡ ಹೊಸ ಕಲಸುಮೇಲೋಗರ ಜಾಗಕ್ಕೆ 'ಪ್ಲಾಟಿಪಸ್' ಅಂತ ಅಡ್ಡಹೆಸರು. ಬಾತುಕೋಳಿ ಕೊಕ್ಕಿನ ಆ ಪ್ರಾಣಿ ಹಾಗೆ ಕಾಣುತ್ತಂತೆ. ನನಗೆ ಕಾಣಲಿಲ್ಲ.

ಈಗ ಯುರೋಪಾ ಕ್ಲಿಪ್ಪರ್ ದಾರಿಯಲ್ಲಿದೆ. 2024ರ ಅಕ್ಟೋಬರ್ 14ಕ್ಕೆ ಹೊರಟಿದ್ದು, 2030ರ ಏಪ್ರಿಲ್‌ಗೆ ಗುರುವನ್ನು ತಲುಪಬೇಕು. ಯುರೋಪಾದ ಹತ್ತಿರ 49 ಸಲ ಹಾಯುವ ಯೋಜನೆ, ಅತಿ ಹತ್ತಿರ ಅಂದರೆ 25 ಕಿ.ಮೀ. ಎತ್ತರ. ಅತಿ ಒಳ್ಳೆಯ ಚಿತ್ರದಲ್ಲಿ ಒಂದು ಪಿಕ್ಸೆಲ್ ಅಂದರೆ ಅರ್ಧ ಮೀಟರ್. ಮಂಜಿನೊಳಗೆ ನುಗ್ಗಿ ನೋಡುವ ರಾಡಾರ್ ಕೂಡ ಇದೆ, ದಪ್ಪ-ತೆಳುವಿನ ಜಗಳಕ್ಕೆ ಅದರಿಂದ ಬಹಳ ಬೆಳಕು ಬೀಳಬೇಕು. ಈ ಸಲ ಆಂಟೆನಾವನ್ನು ಮಡಚಿಟ್ಟಿಲ್ಲ.

ಹೋದ ಭಾನುವಾರ ಮೂರನೇ ಮಹಡಿಗೆ ಹೋದೆ. ಕೊನಮಾರಾದ ಕಪ್ಪು-ಬಿಳುಪು ಚಿತ್ರದ ಎರಡು ದೊಡ್ಡ ಪ್ರಿಂಟು, ಒಂದು ಕತ್ತರಿ. "ಇದು ನಿಜವಾದ್ದು" ಅಂದೆ. ಕಾರಂಜಿ ಇಲ್ಲದ್ದು ನೋಡಿ ಮೊದಲು ಮುಖ ಚಿಕ್ಕದು ಮಾಡಿದಳು. ಹಲಗೆ ಕತ್ತರಿಸೋಕೆ ಶುರು ಮಾಡಿದ ಮೇಲೆ ಮಾತೇ ಇಲ್ಲ. ಅವರಮ್ಮ ಎರಡು ಸಲ ಊಟಕ್ಕೆ ಕರೆದರು. ದಿಬ್ಬಕ್ಕೆ ದಿಬ್ಬ ಸೇರಿಸಿ ಐದಾರು ತುಂಡು ಸರಿಯಾಗಿ ಕೂರಿಸಿದಳು, ನಾನು ಕೂರಿಸಿದ್ದರಲ್ಲಿ ಒಂದನ್ನು ತಲೆಕೆಳಗು ಅಂತ ತಿರುಗಿಸಿದಳು.

"ಆಂಟಿ, ನಡುವೆ ಇಷ್ಟೊಂದು ಖಾಲಿ ಉಳೀತಲ್ಲ. ಮಿಕ್ಕ ನೆಲ ಎಲ್ಲಿ ಹೋಯ್ತು?"

ಒಡೆದು ಪುಡಿಯಾಗಿ ಆ ಮುದ್ದೆಯಲ್ಲಿ ಸೇರಿಹೋಗಿದೆ, ಹೇಗೆ ಅನ್ನೋದರ ಬಗ್ಗೆ ದೊಡ್ಡೋರು ಇನ್ನೂ ಜಗಳ ಆಡ್ತಿದ್ದಾರೆ, ನೀನು ಕಾಲೇಜಿಗೆ ಹೋಗೋ ಹೊತ್ತಿಗೆ ಹೊಸ ಫೋಟೋ ಬರುತ್ತೆ ಅಂದೆ. ತಲೆ ಆಡಿಸಿದಳು. ಜೋಡಿಸಿದ್ದನ್ನು ಹಾಳೆಗೆ ಅಂಟಿಸಿ, ಕೆಳಗೆ ಪೆನ್ಸಿಲ್ಲಿನಲ್ಲಿ ಬರೆದಳು: 'ಫೋಟೋ: ಗೆಲಿಲಿಯೋ ನೌಕೆ, 20 ಫೆಬ್ರವರಿ 1997.' ಒಂದು ತುಂಡು ಮಾತ್ರ ಎಲ್ಲೂ ಕೂರಲಿಲ್ಲ. ಅದನ್ನು ಕಂಪಾಸ್ ಬಾಕ್ಸಿಗೆ ಹಾಕಿಕೊಂಡು ಊಟಕ್ಕೆ ಎದ್ದಳು.